ಅಸಿಟೋನಿಗೆ ಕರಗದ ಪುಡಿ

ಸಾವಿನ ಮನೆಗೆ ಕೆಂಪು ಉಗುರುಗಳಲ್ಲಿ ಹೋಗುವುದು ಹೇಗೆಂದು ಮೊನ್ನೆ ಭಾನುವಾರ ಬಣ್ಣ ಅಳಿಸಲು ಕೂತೆ. ಶೀಶೆಯ ಮುಚ್ಚಳ ತೆಗೆದದ್ದೇ ತಡ, ಅಸಿಟೋನಿನ ವಾಸನೆ ಮೂಗಿಗೆ ಬಡಿಯಿತು. ಪುಣೆ ಹಿಂಜವಾಡಿಯ ಫ್ಲ್ಯಾಟಿನಿಂದ ಒಮ್ಮೆಲೇ ಹಳೆಯ ಪ್ರಯೋಗಶಾಲೆಗೆ ಹೋಗಿಬಿಟ್ಟೆ... ನಾನು ಹೊರಟಿದ್ದೂ ಅಲ್ಲಿ ನನಗೆ ಪಿಎಚ್‌ಡಿ ಗೈಡ್ ಆಗಿದ್ದ ಸರ್ ಮನೆಗೇ. ಅವರು ಹೋಗಿ ಹನ್ನೊಂದು ದಿನವಾಗಿತ್ತು.

ಸರ್ ವಿಜಾಪುರದ ಕಡೆಯವರು. ಲ್ಯಾಬಿನಲ್ಲಿ ಎಲ್ಲರೊಡನೆ ಮರಾಠಿ, ನನ್ನೊಬ್ಬಳೊಡನೆ ಕನ್ನಡ. ನನ್ನ ಮೈಸೂರು ಮಾತನ್ನು ಅಣಕಿಸುವುದೆಂದರೆ ಅವರಿಗೆ ಖುಷಿ. ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಹಸಿರಾಗಿಸುವ ಸಾವಯವ ಹರಳುಗಳನ್ನು ಬೆಳೆಸುವುದೇ ಅವರ ಜೀವಮಾನದ ಕೆಲಸ. ಒಂದೊಂದಕ್ಕೆ ತಿಂಗಳು ಹಿಡಿಯುತ್ತಿತ್ತು. ಹರಳು ಬೆಳೆಯುತ್ತಿದ್ದ ಬೀಕರಿನ ಹತ್ತಿರ ನಾನು ಧಡಧಡ ನಡೆದರೆ, "ಸಾವಕಾಶ ನಡಿಯವಾ, ಕೂಸು ಮಲಗೇದ" ಎನ್ನುತ್ತಿದ್ದರು. ನನಗೆ ನಗು. ಅವರಿಗೆ ಅದು ತಮಾಷೆಯಾಗಿರಲಿಲ್ಲ.

ಹರಳನ್ನು ಪರೀಕ್ಷಿಸಲು ಪುಡಿ ಮಾಡಿ ಲೇಸರಿಗೆ ಹಿಡಿಯುತ್ತಿದ್ದೆವು. ಹೋಲಿಕೆಗೆ ಯೂರಿಯಾ ಪುಡಿ, ಹೊಲಕ್ಕೆ ಹಾಕುತ್ತಾರಲ್ಲ, ಅದೇ. ಅದು ಹಸಿರು ಬೆಳಕು ಕೊಟ್ಟೇ ಕೊಡುತ್ತದೆ. ಒಂದು ದಿನ ಯೂರಿಯಾ ಅರೆದ ಕಲ್ಲಿನ ಬಟ್ಟಲನ್ನು, ಬೇಗ ಒಣಗಲೆಂದು, ಅಸಿಟೋನಿನಲ್ಲಿ ತೊಳೆದೆ. ಯೂರಿಯಾ ನೀರಿಗೆ ಕರಗುತ್ತದೆ, ಅಸಿಟೋನಿಗೆ ಅಷ್ಟಾಗಿ ಕರಗುವುದಿಲ್ಲ. ಗೊತ್ತಿಲ್ಲದ ಸಂಗತಿಯೇನಲ್ಲ... ಲೋಣಾವಳಾಕ್ಕೆ ಸುತ್ತಾಡಲು ಹೊರಟ ಗೆಳತಿಯರು ಕೆಳಗೆ ಕಾಯುತ್ತಿದ್ದರು. ಅದೇ ಬಟ್ಟಲಿನಲ್ಲಿ ಸರ್ ಬೆಳೆಸಿದ ಹೊಸ ಹರಳನ್ನು ಅರೆದು ಲೇಸರಿಗೆ ಹಿಡಿದರೆ ಹಸಿರೋ ಹಸಿರು! ಸರ್ ಕಣ್ಣಲ್ಲಿ ನೀರು ಬಂತು.

ಲೇಖನ ಅಚ್ಚಾಯಿತು. ವರ್ಷದೊಳಗೆ ಬೇರೆ ದೇಶದ ಲ್ಯಾಬಿನವರು ತಮಗೆ ಹಸಿರು ಕಾಣಲಿಲ್ಲವೆಂದು ಬರೆದರು. ಈ ಸಲ ಬಟ್ಟಲನ್ನು ನೀರಿನಲ್ಲಿ ತೊಳೆದು ಮತ್ತೆ ಪರೀಕ್ಷೆ ಮಾಡಿದೆ. ಏನೂ ಇಲ್ಲ, ಬರೀ ಕತ್ತಲೆ. ಅವತ್ತು ಕಂಡ ಹಸಿರು ಬಟ್ಟಲಿಗೆ ಅಂಟಿ ಉಳಿದಿದ್ದ ಯೂರಿಯಾದ್ದು. ಹೋಗಿ ಸರ್‌ಗೆ ಎಲ್ಲ ಹೇಳಿದೆ.

"ಹೇಳಿದ್ಯಲ್ಲ, ಛಲೋ ಆತು. ಇನ್ನ ಯಾರ ಮುಂದೂ ಹೇಳಬ್ಯಾಡ. ನಿಂದು ಇನ್ನೂ ಶುರು ಆಗೂದದ."

ಲೇಖನವನ್ನು ಹಿಂತೆಗೆದುಕೊಂಡರು, ಬಟ್ಟಲು ತೊಳೆದವನು ತಾನೇ, ತಪ್ಪು ತನ್ನದೇ ಎಂದು ಬರೆದುಕೊಟ್ಟರು. ಕೈಗೆ ಬಂದಿದ್ದ ಪ್ರೊಫೆಸರ್ ಹುದ್ದೆ ತಪ್ಪಿತು. ಹೊಸ ವಿದ್ಯಾರ್ಥಿಗಳು ಅವರ ಬಳಿ ಬರುವುದು ನಿಂತಿತು. ನನಗೆ ಡಾಕ್ಟರೇಟ್ ಬಂತು, ಕಾಲೇಜಿನಲ್ಲಿ ಒಳ್ಳೆಯ ಕೆಲಸವೂ ಸಿಕ್ಕಿತು. ನಾನು ಬಾಯಿ ಬಿಡಲಿಲ್ಲ. ಸರ್ ಬೇಡವೆಂದರು ಎಂದಲ್ಲ, ಹೆದರಿಕೆಯಿಂದ. ಅವರು ಇದ್ದಾಗಲೇ ಹೇಳಬೇಕಿತ್ತು.

ಭಾನುವಾರ ದೇಹೂ ರೋಡಿನಲ್ಲಿರುವ ಸರ್ ಮನೆಯಲ್ಲಿ ಅವರ ಹೆಂಡತಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು.

"ನೀ ಆಗ ಅಲ್ಲೇ ಇದ್ದಿ. ಅಷ್ಟು ಶಾಣ್ಯಾ ಮನಶ್ಯಾರು, ಒಂದು ಬಟ್ಟಲಾ ತೊಳಿಯೂದ್ರಾಗ ಹ್ಯಾಂಗ ತಪ್ಪಿದ್ರವಾ?"

"ಅವರಲ್ಲ ರೀ," ಎಂದೆ. "ತೊಳೆದವಳು ನಾನು."

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವರು ನನ್ನನ್ನು ನೋಡಲೇ ಇಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಸರ್ ಫೋಟೋ ಕಡೆ ತಿರುಗಿದರು.

"ಇಷ್ಟು ವರ್ಷ ನಿಮಗ ಬೈಕೋತ ಬಂದೆನಲ್ಲರೀ... ನನ್ನ ಮುಂದರ ಹೇಳಬಾರದಿತ್ತೇನ್ರಿ?"