ಗೇಟಿನ ಹೊರಗಿನ ಈರುಳ್ಳಿ

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ತಂಗಿ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಳು. ರಾಜಾಜಿನಗರದ ನಮ್ಮ ಮನೆಯಲ್ಲಿ ಇಂಥ ವಿಷಯಗಳಿಗೆ ಅಜ್ಜಿಯೇ ಕೊನೆಯ ನ್ಯಾಯಾಲಯ. "ಕಪ್ಪೆ ಕೊಯ್ಯೋ ಓದು ನಮ್ಮನೇಗೆ ಬೇಡ" ಎಂದು ಆಕೆ ತೀರ್ಪು ಕೊಟ್ಟಾಗಿತ್ತು. "ಅಜ್ಜಿ ಒಪ್ಪಿದರೆ ಸೋಮವಾರ ಅರ್ಜಿ ಕೊಡೋಣ" ಎಂದು ಅಪ್ಪ ಜಾರಿಕೊಂಡರು.

ನಾನಾಗ ಪದವಿ ತರಗತಿಯಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಮನೆಯ ಗೂಡಿನಲ್ಲಿ ಸಾಲಾಗಿ ನಿಂತಿದ್ದವು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಅಡ್ಡ ಬರುವುದು ಅಜ್ಞಾನವೊಂದೇ, ಅದನ್ನು ತರ್ಕದಿಂದ ಕರಗಿಸಬಹುದು ಎಂದು ದೃಢವಾಗಿ ನಂಬಿದ್ದೆ. ಕಾಲೇಜಿನ ಅಧ್ಯಾಪಕರೊಬ್ಬರನ್ನು ಕಾಡಿ ಬೇಡಿ, ಭಾನುವಾರದ ಮಟ್ಟಿಗೆ ಒಂದು ಸೂಕ್ಷ್ಮದರ್ಶಕವನ್ನು ಎರವಲು ತಂದೆ. ಬಸ್ಸಿನಲ್ಲಿ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಕಂಡಕ್ಟರು, "ಹಾರ್ಮೋನಿಯಮ್ಮಾ ಸಾರ್? ಎಲ್ಲಿ ಕಚೇರಿ?" ಎಂದ. ಜೀವಕೋಶದ ಬಗ್ಗೆ ಅವನಿಗೆ ವಿವರಿಸತೊಡಗಿದೆ. ಅವನು ಮುಂದಿನ ಬಾಗಿಲಿಗೆ ಹೋಗಿಬಿಟ್ಟ.

ಸಸ್ಯದ ಜೀವಕೋಶವನ್ನು ತೋರಿಸಲು ಈರುಳ್ಳಿಯ ಒಳಸಿಪ್ಪೆಯಷ್ಟು ಸುಲಭವಾದದ್ದು ಬೇರೊಂದಿಲ್ಲ. ಆದರೆ ನಮ್ಮ ಮನೆಯೊಳಗೆ ಈರುಳ್ಳಿ ಬರುವಂತಿರಲಿಲ್ಲ. ಎದುರುಮನೆಯಾಕೆ ಕೊಟ್ಟ ಗಡ್ಡೆಯನ್ನು ಹಿಡಿದು ಬಂದ ನನ್ನನ್ನು ಅಜ್ಜಿ ಗೇಟಿನಲ್ಲೇ ತಡೆದಳು.

"ಅದು ಅಲ್ಲೇ ಇರಲಿ. ನೀನು ಬೇಕಾದ್ರೆ ಒಳಗೆ ಬಾ."

ದೀರ್ಘ ವಿಚಾರಣೆಯ ನಂತರ, ಗೇಟಿನ ಕಂಬದ ಚಪ್ಪಟೆ ತಲೆ ಒಳಗೂ ಅಲ್ಲ, ಹೊರಗೂ ಅಲ್ಲ ಎಂಬ ತೀರ್ಮಾನವಾಯಿತು. ಸೂಕ್ಷ್ಮದರ್ಶಕವನ್ನು ಅದರ ಮೇಲಿಟ್ಟು, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ. ರಸ್ತೆಯಲ್ಲೇ ನಿಂತು ಸಿಪ್ಪೆ ಸುಲಿದು ಗಾಜಿನ ಪಟ್ಟಿಯ ಮೇಲಿಟ್ಟು, ಬಣ್ಣ ಹಿಡಿಯಲೆಂದು ಗಾಯಕ್ಕೆ ಹಚ್ಚುವ ಟಿಂಚರನ್ನು ಒಂದು ತೊಟ್ಟು ಹಾಕಿದೆ. ಅಜ್ಜಿ ಒಳಗಡೆ ಮಣೆಯ ಮೇಲೆ ಹತ್ತಿ ನಿಂತು ಇಣುಕಿದಳು. ಅಷ್ಟರಲ್ಲಿ ಅರ್ಧ ಬೀದಿ ನನ್ನ ಬೆನ್ನ ಹಿಂದೆ ಸೇರಿತ್ತು. ಸಭೆ ಕಂಡರೆ ನನಗೆ ತಡೆಯಲಾಗುತ್ತಿರಲಿಲ್ಲ.

"ಮಹನೀಯರೇ, ಇಟ್ಟಿಗೆಯಂತೆ ಕಾಣುವ ಪ್ರತಿಯೊಂದೂ ಒಂದು ಜೀವಕೋಶ. ನಡುವಿನ ಚುಕ್ಕೆಯೇ ಕೋಶಕೇಂದ್ರ. ಈರುಳ್ಳಿಗೂ ಅದೇ, ಕಪ್ಪೆಗೂ ಅದೇ, ನಮಗೂ ಅದೇ! ಸಸ್ಯಕ್ಕೂ ಪ್ರಾಣಿಗೂ ಭೇದವೆಲ್ಲಿ?"

ಅಜ್ಜಿ ತಲೆಯೆತ್ತಿದಳು. "ಹಾಗಾದ್ರೆ ಸೊಪ್ಪು ಹೆಚ್ಚೋದೂ ಒಂದೇ, ಕಪ್ಪೆ ಕೊಯ್ಯೋದೂ ಒಂದೇ ಅಂತೀಯಾ?"

"ಒಂದೇ!" ಎಂದೆ, ವಿಜಯೋತ್ಸಾಹದಿಂದ.

"ಸರಿ. ನಾಳೆಯಿಂದ ನಾನು ಸೊಪ್ಪನ್ನೂ ಹೆಚ್ಚಲ್ಲ."

ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ತಾತ ಗಾಬರಿಯಿಂದ ಎದ್ದು ನಿಂತರು. "ಲೋ, ಇನ್ನೇನೂ ಮಾತಾಡಬೇಡ್ವೋ. ಊಟಕ್ಕೇ ಕಲ್ಲು ಹಾಕ್ತಿದೀಯಲ್ಲೋ!"

ತಂಗಿಯ ಮುಖ ಸಪ್ಪಗಾಯಿತು. ಸೋಮವಾರಕ್ಕೆ ಒಂದೇ ರಾತ್ರಿ ಉಳಿದಿತ್ತು. ಅವಳು ಮೆಲ್ಲಗೆ ಅಜ್ಜಿಯ ಪಕ್ಕಕ್ಕೆ ಬಂದಳು.

"ಅಣ್ಣ ಅರ್ಧ ಮಾತ್ರ ಹೇಳಿದ ಅಜ್ಜಿ. ಎರಡೂ ಒಂದೇ ಅಲ್ಲ. ಇನ್ನರ್ಧ ನೋಡ್ಬೇಕಾದ್ರೆ ಕೆನ್ನೆ ಒಳಗಿಂದ ಒಂಚೂರು ಕೆರೆದು ಕೊಡಬೇಕು."

"ಥೂ, ಎಂಜಲು! ಯಾರದ್ದೇ ಅದು?"

"ನಿಂದೇ. ನಿನ್ನ ಎಂಜಲು ನಿನಗೇನು ಮೈಲಿಗೆ?"

ಇಷ್ಟು ಚೊಕ್ಕಟವಾದ ವಾದವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಅಜ್ಜಿ ತೊಳೆದ ಚಮಚದ ಹಿಡಿಯಿಂದ ತಾನೇ ಕೆನ್ನೆ ಕೆರೆದು ಬೇರೊಂದು ಗಾಜಿಗೆ ಸವರಿದಳು. ತಂಗಿ ಟಿಂಚರು ಹಾಕಿ ಕೊಟ್ಟಳು. ಅಜ್ಜಿ ಬಹಳ ಹೊತ್ತು ನೋಡಿದಳು.

"ಇದೇನೇ ಇದು, ಸಂಡಿಗೆ ಚೆಲ್ಲಿದ ಹಾಗಿದೆ?"

"ನಮ್ಮ ಕೋಶಕ್ಕೆ ಬರೀ ತೆಳು ಪೊರೆ ಅಜ್ಜಿ. ಗಿಡದ್ದಕ್ಕೆ ಆ ಪೊರೆಯ ಹೊರಗೆ ಗೋಡೆಯೂ ಇರುತ್ತೆ, ಅದಕ್ಕೇ ಇಟ್ಟಿಗೆ ಜೋಡಿಸಿದ ಹಾಗಿತ್ತು. ಎಲೆ ಕೋಶದಲ್ಲಿ ಹಸಿರು ಕಣಗಳೂ ಇರ್ತವೆ. ಅವು ಬಿಸಿಲು ಹಿಡಿದು ತಮ್ಮ ಅಡುಗೆ ತಾವೇ ಮಾಡ್ಕೋತವೆ. ನಮ್ಮದಕ್ಕೆ ಅದು ಬರಲ್ಲ. ಇನ್ನೊಬ್ಬರು ಮಾಡಿದ್ದನ್ನೇ ತಿನ್ಬೇಕು."

"ನಿಮ್ಮ ತಾತನ ಹಾಗೆ" ಎಂದಳು ಅಜ್ಜಿ, ಕಣ್ಣು ಕದಲಿಸದೆ.

"ನಾನೇನೇ ಮಾಡಿದೆ?" ಎಂದರು ತಾತ.

"ಏನೂ ಮಾಡಲ್ವಲ್ಲ, ಅದೇ." ಬೀದಿಯೆಲ್ಲ ನಕ್ಕಿತು. ಅಜ್ಜಿ ಮಣೆಯಿಂದ ಇಳಿದು ತಂಗಿಯನ್ನು ದಿಟ್ಟಿಸಿದಳು. "ಕಪ್ಪೆ ಕೊಯ್ಯಲೇಬೇಕಾ?"

ನಾನು ಬಾಯಿ ತೆರೆದೆ. ತಾತ ಪತ್ರಿಕೆಯನ್ನು ಸುರುಳಿ ಸುತ್ತಿ ಹೊಡೆಯುವಂತೆ ನನ್ನತ್ತ ಎತ್ತಿದರು.

"ಕೊಯ್ಯಬೇಕು ಅಜ್ಜಿ" ಎಂದಳು ತಂಗಿ. "ನಿನ್ನ ಹತ್ತಿರ ಸುಳ್ಳು ಹೇಳಲ್ಲ."

ಅಜ್ಜಿ ಮಣೆಯನ್ನೆತ್ತಿ ಕಂಕುಳಿಗೆ ಸೇರಿಸಿದಳು. "ಕೊಯ್ದ ದಿನ ಹಿತ್ತಲ ಕಡೆಯಿಂದ ಬಾ. ತಲೆ ಮೇಲೆ ನೀರು ಹಾಕ್ಕೊಂಡು ಆಮೇಲೆ ಒಳಗೆ ಬಾ. ಆಗುತ್ತಾ?"

"ಆಗುತ್ತೆ."

"ಮತ್ತೆ ನೀನು" ಎಂದು ಆಕೆ ನನ್ನ ಕಡೆ ತಿರುಗಿದಳು. "ಅಷ್ಟು ಗಟ್ಟಿಯಾಗಿ ಕೂಗಿದೆಯಲ್ಲ, ಆ ದಿನಗಳಲ್ಲಿ ಹಂಡೆಗೆ ಉರಿ ಹಾಕೋದು ನಿನ್ನ ಕೆಲಸ."

ಸೋಮವಾರ ಅರ್ಜಿ ಹೋಯಿತು. ಸೊಪ್ಪು ಎಂದಿನಂತೆ ಹೆಚ್ಚಲ್ಪಟ್ಟಿತು. ಎರಡು ವರ್ಷಕಾಲ, ತಂಗಿಯ ಪ್ರಾಯೋಗಿಕ ತರಗತಿಯಿದ್ದ ಸಂಜೆಗಳಲ್ಲಿ ನಾನು ಬಚ್ಚಲ ಒಲೆಯ ಮುಂದೆ ಕೂತು ತೆಂಗಿನ ಗರಿ ತುರುಕುತ್ತ, ಮಹಿಳಾ ಶಿಕ್ಷಣವನ್ನು ಕುರಿತ ನನ್ನ ಮುಂದಿನ ಭಾಷಣವನ್ನು ಹೊಗೆಗೆ ಒಪ್ಪಿಸುತ್ತಿದ್ದೆ. ಹಿತ್ತಲ ಬಾಗಿಲಿನಿಂದ ತಂಗಿ ಕೂಗುತ್ತಿದ್ದಳು: "ಭಾಷಣ ಆಮೇಲೆ ಕಣೋ ಅಣ್ಣ, ನೀರು ಕಾದಿದೆಯಾ?"