ಕಸ್ಪರ್ ಕಡಿದ ಬೆರಳು

ಒನುಫ್ರಿ ಗ್ರೊಹೊಲನ ಬಲಗೈ ತೋರುಬೆರಳನ್ನು ಕಡಿದವನು ಅವನ ಹೆತ್ತ ಅಪ್ಪ. ಜಗಳದಲ್ಲಲ್ಲ, ಕುಡಿದ ಅಮಲಿನಲ್ಲೂ ಅಲ್ಲ. ಬೆಳಗಿನ ಗಂಜಿ ಕುಡಿದು, ಕೊಡಲಿ ಮಸೆದು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಕಡಿದ.

ಹಿರಿಯ ಮಗ ಫ್ಲೋರಿಯಾನ್ ಸತ್ತ ಸುದ್ದಿ ಬಂದು ಆಗ ಒಂದು ವಾರವಾಗಿತ್ತು. ಪೋಲೆಂಡಿನ ರೈತನ ಮಗ, ತನ್ನ ನೆಲವನ್ನು ನುಂಗಿ ಕೂತ ರಷ್ಯದ ಝಾರನ ಕೋಟು ತೊಟ್ಟು, ಹೆಸರೂ ಕೇಳಿರದ ಮಂಚೂರಿಯದಲ್ಲಿ ಜಪಾನಿಯರ ಗುಂಡಿಗೆ ಬಿದ್ದಿದ್ದ. ಯಾರ ಜಗಳ, ಯಾರ ಸಾವು! ಒನುಫ್ರಿಗೆ ಹದಿನೇಳು ತುಂಬಿತ್ತು. ಇಪ್ಪತ್ತೊಂದಾದರೆ ಅವನನ್ನೂ ಸೈನ್ಯಕ್ಕೆ ಎಳೆದುಕೊಂಡು ಹೋಗುತ್ತಾರೆಂದು ಅಪ್ಪ ಕಸ್ಪರನಿಗೆ ನಿದ್ದೆ ಹತ್ತಲಿಲ್ಲ. ಬಂದೂಕಿನ ಕುದುರೆ ಎಳೆಯುವ ಬೆರಳಿಲ್ಲದವನು ಝಾರನಿಗೆ ಬೇಡ. ಇದು ಆ ಸೀಮೆಯಲ್ಲಿ ಎಲ್ಲರೂ ಬಲ್ಲ ಉಪಾಯ, ಯಾರೂ ಬಾಯಿಬಿಟ್ಟು ಆಡದ ಮಾತು. ಈಗಲೇ ಕಡಿದರೆ ಭರ್ತಿಯ ಹೊತ್ತಿಗೆ ಗಾಯ ಹಳೆಯದಾಗಿರುತ್ತದೆ ಎಂದು ಲೆಕ್ಕ ಹಾಕಿದ.

"ಈ ಕಟ್ಟಿಗೆ ಸ್ವಲ್ಪ ಹಿಡ್ಕೊಳ್ಳೋ," ಎಂದು ಕಸ್ಪರ್ ಮಗನನ್ನು ಕರೆದ. ಮಗ ಹಿಡಿದುಕೊಂಡ. "ಬೇಲಿ ಮೇಲೆ ನೋಡು, ಎಂಥಾ ಕಾಗೆ ಕೂತಿದೆ."

ಒನುಫ್ರಿ ನೋಡಿದ.

ನೋವಿಗಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಬಾಗಿಲಲ್ಲಿ ನಿಂತಿದ್ದ ಅವ್ವ. ಅವಳು ಚೀರಲಿಲ್ಲ. ಗಾಯಕ್ಕೆ ಮೆತ್ತಲು ಅಗಿದ ರೊಟ್ಟಿಯಲ್ಲಿ ಜೇಡರ ಬಲೆ ಕಲಸಿ, ಒಗೆದ ಬಟ್ಟೆ ಹಿಡಿದು, ಮೊದಲೇ ಸಿದ್ಧಳಾಗಿ ನಿಂತಿದ್ದಳು. ಗೊತ್ತಿರದವನು ಅವನೊಬ್ಬನೇ.

"ಯಾರು ಕೇಳಿದ್ರೂ ಮೇವು ಕತ್ತರಿಸೋ ಯಂತ್ರಕ್ಕೆ ಸಿಕ್ತು ಅನ್ಬೇಕು," ಎಂದ ಕಸ್ಪರ್. "ನಿಜ ಗೊತ್ತಾದ್ರೆ ಇಬ್ರೂ ಸೈಬೀರಿಯಾಕ್ಕೆ."

ನಾಲ್ಕು ವರ್ಷ ಒನುಫ್ರಿ ಹಾಗೆಯೇ ಅಂದ. ಭರ್ತಿಯ ದಿನ ಕಚೇರಿಯ ಗುಮಾಸ್ತ ಅವನ ಕೈಯನ್ನು ನೋಡಲೂ ಇಲ್ಲ. ಕಾಗದ ತಿರುವಿ ಹಾಕಿ ಹುಬ್ಬೇರಿಸಿದ.

"ಅಣ್ಣ ಸತ್ತಿದ್ದಾನಲ್ಲಪ್ಪ. ನೀನೀಗ ಒಬ್ಬನೇ ಮಗ. ಒಬ್ಬನೇ ಮಗನ್ನ ನಾವು ತಗೊಳ್ಳಲ್ಲ, ಕಾನೂನು ಇದೆ. ಮನೆಗೆ ಹೋಗು." ಆಮೇಲೆ ಕೈ ಕಣ್ಣಿಗೆ ಬಿತ್ತು. ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಪೆದ್ದ ನನ್ಮಕ್ಳಾ! ಒಂದು ಮಾತು ಕೇಳಬಾರದಿತ್ತೇನ್ರೋ?"

ಕೇಳಬಹುದಿತ್ತು. ಆದರೆ ಕಸ್ಪರನಂಥವರು ಕಚೇರಿಯ ಮೆಟ್ಟಿಲು ಹತ್ತಿ ಏನನ್ನೂ ಕೇಳುವವರಲ್ಲ. ಕೇಳಿದರೆ ಮನೆಯಲ್ಲಿ ಇನ್ನೊಬ್ಬ ಮಗನಿದ್ದಾನೆಂದು ನಾವೇ ನೆನಪಿಸಿದ ಹಾಗಾಗುತ್ತದೆ ಎಂಬ ಭಯ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಸರ್ಕಾರದ ಕಣ್ಣಿಗೆ ಬೀಳದೆ ಬದುಕಿದವರು. ಆ ಕಳ್ಳಬದುಕಿನ ಬುದ್ಧಿಯೇ ಒಂದು ಬೆರಳನ್ನು ದಂಡಕ್ಕೆ ತಿಂದಿತು. ಈ ಕತೆ ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಮರುವರ್ಷವೇ ಒನುಫ್ರಿ ಹಡಗು ಹತ್ತಿ ಪೆನ್ಸಿಲ್ವೇನಿಯದ ಕಲ್ಲಿದ್ದಲು ಗಣಿಗೆ ಇಳಿದ. ಅವ್ವ ತೀರಿದ ಮೇಲೆ ಅಪ್ಪನನ್ನೂ ಕರೆಸಿಕೊಂಡ. ಪ್ರೀತಿ ಉಕ್ಕಿ ಅಲ್ಲ. ಬೈಯಲು ಮನುಷ್ಯ ಹತ್ತಿರವಿರಲಿ ಎಂದು. ಕೋಸಿನ ಸಾರಿನ ತಟ್ಟೆಯ ಎರಡು ಬದಿ ಕೂತು ಇಬ್ಬರೂ ದಿನಾ ಕಚ್ಚಾಡುತ್ತಿದ್ದರು.

"ಚಮಚ ನೆಟ್ಟಗೆ ಹಿಡಿಯೋ."

"ನೆಟ್ಟಗೆ ಹಿಡಿಯೋ ಬೆರಳು ಎಲ್ಲಿದೆ ಅಂತ ನಿನಗೇ ಗೊತ್ತಲ್ಲ, ಮುದುಕ."

ಹೊರಗೆ ಮಾತ್ರ ಕಸ್ಪರ್ ಅದೇ ಹಳೆಯ ಸುಳ್ಳನ್ನು ಸಾಕುತ್ತಿದ್ದ. ಸೈಬೀರಿಯಾ ಕಡಲಾಚೆ ಉಳಿದಿತ್ತು, ಆದರೂ ಬಿಯರಿನ ಅಂಗಡಿಯಲ್ಲಿ, ಚರ್ಚಿನ ಅಂಗಳದಲ್ಲಿ ಮೇವಿನ ಯಂತ್ರದ ಕತೆ ನಡೆದೇ ಇತ್ತು. ಗಣಿಯವರು ಅದನ್ನು ನಂಬಲಿಲ್ಲ. ಅವರೂ ಅದೇ ಸೀಮೆಯವರು. ಹೇಡಿ ತಾನೇ ಕಡಿದುಕೊಂಡಿದ್ದಾನೆ ಎಂದು ಬೆನ್ನ ಹಿಂದೆ ಆಡಿಕೊಂಡರು. ಒನುಫ್ರಿ ಹಲ್ಲು ಕಚ್ಚಿಕೊಂಡು ಹಳೆಯ ಬಂದೂಕೊಂದನ್ನು ಕೊಂಡ. ಭಾನುವಾರ ಪೂಜೆ ಮುಗಿಸಿ ಕಲ್ಲಿದ್ದಲ ಕಸದ ಗುಡ್ಡಕ್ಕೆ ಹೋಗಿ, ನಡುಬೆರಳಿನಿಂದ ಕುದುರೆ ಎಳೆದು ತಗಡಿನ ಡಬ್ಬಿಗಳನ್ನು ಹಾರಿಸಿದ. ಮೂರು ವರ್ಷದಲ್ಲಿ ಗುರಿ ತಪ್ಪದಾಯಿತು.

ಹತ್ತೊಂಬತ್ತುನೂರ ಹದಿನೇಳರ ಶರತ್ಕಾಲದಲ್ಲಿ ಪೋಲಿಷ್ ಸೈನ್ಯಕ್ಕೆ ಜನ ಸೇರಿಸಲು ಒಬ್ಬ ಕ್ಯಾಪ್ಟನ್ ಬಂದ. ಝಾರನ ಸೈನ್ಯವಲ್ಲ, ನಮ್ಮದು! ಫ್ರಾನ್ಸಿನಲ್ಲಿ ಕಾದಾಡಿ ಪೋಲೆಂಡನ್ನು ಬಿಡಿಸಿಕೊಳ್ಳುವ ಸೈನ್ಯ. ಒನುಫ್ರಿಗೆ ಇಪ್ಪತ್ತೊಂಬತ್ತು. ಬದುಕಿನಲ್ಲಿ ಅವನು ಬೇಕೆಂದು ಬೇಡಿದ್ದು ಇದೊಂದೇ.

ಚರ್ಚಿನ ನೆಲಮಾಳಿಗೆ ಕಿಕ್ಕಿರಿದಿತ್ತು. ಕ್ಯಾಪ್ಟನ್ ಅವನ ಕೈ ಹಿಡಿದು ತಿರುಗಿಸಿ ನೋಡಿದ.

"ಗುರಿ ಚೆನ್ನಾಗಿದೆ ಅಂತ ಪಾದ್ರಿ ಹೇಳಿದ್ರು. ಬೆರಳಿಲ್ಲದೆ ಇದ್ರೂ ನಡೆಯುತ್ತೆ. ಆದ್ರೆ ಇದು ಕೊಡಲಿ ಏಟು. ಇಂಥಾ ಕೈ ಬಹಳ ನೋಡಿದೀನಿ. ಒಂದು ಸೈನ್ಯಕ್ಕೆ ಹೆದರಿ ಬೆರಳು ಕಡ್ಕೊಂಡವನು ಇನ್ನೊಂದರಲ್ಲಿ ನಿಲ್ತಾನೆ ಅಂತ ಹೇಗೆ ನಂಬ್ಲಿ?"

"ಮೇವಿನ ಯಂತ್ರ ಸ್ವಾಮಿ, ಮೇವಿನ ಯಂತ್ರ!" ಎಂದು ಲುದ್ವಿಕ್ ಎಂಬ ಗಣಿಯವನು ಹಿಂದಿನಿಂದ ಕೂಗಿದ. ಜನ ಗೊಳ್ಳೆಂದರು.

ಒನುಫ್ರಿಯ ಸಿಟ್ಟು ನೆತ್ತಿಗೇರಿತು. ನಿಜ ಹೇಳಲು ಒಂದೇ ಮಾತು ಸಾಕಿತ್ತು. ಹೇಳಲಿಲ್ಲ. ತಾನು ಹೇಳಿದರೆ ಅಪ್ಪನ ಮೇಲೆ ಹಾಕಿ ತಪ್ಪಿಸಿಕೊಂಡ ಎಂದೇ ಈ ಜನ ನಗುತ್ತಾರೆ. ತಿರುಗಿ, ಗೋಡೆಗೆ ಒರಗಿ ಕೂತಿದ್ದ ಕಸ್ಪರನನ್ನು ದುರುಗುಟ್ಟಿ ನೋಡಿದ. ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಮಗ ಮನೆಯಲ್ಲೇ ಉಳಿಯುತ್ತಾನೆ, ಜೀವಂತ. ಮುದುಕನಿಗೆ ಅದು ಗೊತ್ತಿತ್ತು. ಮಗನಿಗೂ ಗೊತ್ತಿತ್ತು.

ಕಸ್ಪರ್ ಬಹಳ ಹೊತ್ತು ಟೋಪಿಯ ಅಂಚು ತಿರುವಿದ. ಆಮೇಲೆ ಎದ್ದು ನಿಂತ.

"ನಗ್ಬೇಡ್ರೋ ನಾಯಿಗಳಾ. ಅದನ್ನ ಕಡಿದವನು ನಾನು. ಕಾಗೆ ನೋಡು ಅಂದೆ, ನಂಬಿ ನೋಡಿದ. ಅವನಿಗೆ ಏನೂ ಗೊತ್ತಿರ್ಲಿಲ್ಲ. ಒಬ್ಬನ್ನ ತಿಂದಿದ್ರು, ಇವನನ್ನೂ ಕೊಡ್ಬೇಕಿತ್ತಾ? ಹೇಡಿ ಅನ್ನೋದಿದ್ರೆ ನನ್ನನ್ನ ಅನ್ನಿ."

ನಗು ನಿಂತಿತು. ಕ್ಯಾಪ್ಟನ್ ಕಾಗದವನ್ನು ಒನುಫ್ರಿಯ ಮುಂದೆ ಸರಿಸಿ, ಮುದುಕನ ಕಡೆ ತಿರುಗಿ, "ಇದು ನಮ್ಮದೇ ಸೈನ್ಯ ಕಣಜ್ಜ. ಈಗ ಸಂತೋಷ ತಾನೇ?" ಎಂದು ಕೇಳಿದ.

"ನನಗೆ ಯಾವ ಸೈನ್ಯ ಆದ್ರೇನು? ಕೊಡಲಿ ಕೊಡಿ, ಈ ಸಲ ಮೊಣಕೈವರೆಗೂ ತೆಗಿತೀನಿ."

ಒನುಫ್ರಿ ಸಹಿ ಹಾಕಿದ. ಮನೆಯ ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದ. ಕೊನೆಗೆ ತಡೆಯಲಾಗದೆ ತಿರುಗಿ ನಿಂತು ಗುಡುಗಿದ.

"ಹನ್ನೆರಡು ವರ್ಷ! ಎಲ್ರೂ ನನ್ನ ಮುಖಕ್ಕೆ ಉಗಿದ್ರಲ್ಲ, ಈ ಮಾತು ಆವಾಗ್ಲೇ ಹೇಳೋಕೆ ನಿನಗೇನು ರೋಗ ಬಂದಿತ್ತು?"

"ಉಗಿಸಿಕೊಂಡ್ರೂ ಸಂಜೆ ಊಟಕ್ಕೆ ಬರ್ತಿದ್ದೆಯಲ್ಲೋ," ಎಂದ ಕಸ್ಪರ್.

ಒನುಫ್ರಿಗೆ ಇನ್ನೂ ಬೈಯುವುದಿತ್ತು. ಮಂಗಳವಾರ ಅವನು ರೈಲು ಹತ್ತಿದ.