ಹಲಸಿನ ಅಂಟು, ಪುಟ್ಟಗೌರಮ್ಮನ ಕೈ

ಶೆಟ್ಟಿಕೆರೆಯಲ್ಲಿ ಯಾರ ಮನೆಯ ಹಲಸಿನ ಹಣ್ಣು ಕೊಯ್ಯಬೇಕಾದರೂ ಕೂಲಿ ಹೆಂಗಸು ಪುಟ್ಟಗೌರಮ್ಮನಿಗೇ ಕರೆ ಬರುತ್ತಿತ್ತು. ಕೈಗೂ ಮಚ್ಚಿಗೂ ಕೊಬ್ಬರಿ ಎಣ್ಣೆ ಬಳಿದುಕೊಂಡೇ ಅವಳು ಹಣ್ಣಿನ ಮುಂದೆ ಕೂರುತ್ತಿದ್ದಳು. ಹಲಸಿನ ಅಂಟು ಹಾಲಿನಂತೆ ತೆಳ್ಳಗೆ ಬಂದು ಚರ್ಮದ ಸಣ್ಣ ಗೆರೆಗಳೊಳಗೆಲ್ಲ ಇಳಿಯುತ್ತದೆ. ಆಮೇಲೆ ಗಟ್ಟಿಯಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ನೀರಿಗೆ ಕರಗುವುದಿಲ್ಲ, ಉಜ್ಜಿದಷ್ಟೂ ಎಳೆ ಎಳೆಯಾಗುತ್ತದೆ. ಎಣ್ಣೆ ಮೊದಲೇ ಆ ಗೆರೆಗಳನ್ನು ತುಂಬಿಕೊಂಡಿದ್ದರೆ ಅಂಟಿಗೆ ಹಿಡಿತ ಸಿಗುವುದಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ತೋಟದ ಮನೆಯ ವಿಮಲಮ್ಮನ ಮಗಳನ್ನು ನೋಡಲು ತಿಪಟೂರಿನಿಂದ ಗಂಡಿನವರು ಬರುವವರಿದ್ದರು. ಅವರಿಗೆಂದು ಹಣ್ಣು ಕೊಯ್ಯಲು ವಿಮಲಮ್ಮ ಪುಟ್ಟಗೌರಮ್ಮನನ್ನು ಕರೆಸಿದ್ದಳು. ಅಟ್ಟದ ತುಂಬ ಕೊಬ್ಬರಿ ಇದ್ದ ಮನೆ ವಿಮಲಮ್ಮನದು.

“ಒಸಿ ಎಣ್ಣೆ ಕೊಡ್ರಮ್ಮ, ಕೈಗೆ” ಎಂದಳು ಪುಟ್ಟಗೌರಮ್ಮ.

“ಧಾರಣೆ ಏನಾಗೈತೆ ಗೊತ್ತೇನೇ? ಕೈಗೆ ಬಳ್ಕೊಳ್ಳಾಕೆ ಕೊಬ್ರಿ ಎಣ್ಣೆ ಬೇಕಾ? ಸುಮ್ನೆ ಕುಯ್ಯಿ. ಆಮೇಲೆ ಸೀಮೆಣ್ಣೇಲಿ ಒರೆಸ್ಕೊಂಡ್ರೆ ಹೋಯ್ತದೆ ಬುಡು” ಎಂದಳು ವಿಮಲಮ್ಮ.

ಹಾಗೇ ಕೊಯ್ದಳು. ತೊಳೆ ಬಿಡಿಸಿ ಮುಗಿಸುವ ಹೊತ್ತಿಗೆ ಬಲಗೈಯೆಲ್ಲ ಅಂಟು. ಸೀಮೆಣ್ಣೆಯ ಬಟ್ಟೆಯಲ್ಲಿ ಉಜ್ಜಿಕೊಳ್ಳುತ್ತಿರುವಾಗಲೇ ಅಡುಗೆಮನೆಯಿಂದ ವಿಮಲಮ್ಮ ಕೂಗಿದಳು: “ಲೇ, ಕಾರು ಬಂತು! ಒಲೆ ಆರ್ತಾ ಐತೆ, ಸೌದೆ ತಳ್ಳು ಬಾರೇ!”

ಕೈ ತೊಳೆಯದೆ ಓಡಿದಳು. ಸೌದೆ ತಳ್ಳಿದ ಕೈಗೆ ಉರಿ ಹತ್ತಿತು. ಎಷ್ಟು ಕೊಡವಿದರೂ ಅಂಟು ಬಿಡಲಿಲ್ಲ, ಬೆಂಕಿಯೂ ಬಿಡಲಿಲ್ಲ.

ಮನೆಯವರು ನೀರು ಸುರಿದು ಆರಿಸಿದರು. ನೆಂಟರ ಮುಂದೆ ರಂಪ ಬೇಡವೆಂದು ಅವಳನ್ನು ಹಿತ್ತಲಿಗೆ ಕರೆದೊಯ್ದು, ಹಳೆ ಸೀರೆಯ ಚೂರಿನಲ್ಲಿ ಇಡೀ ಕೈಯನ್ನು ಬಿಗಿಯಾಗಿ ಸುತ್ತಿ ಮನೆಗೆ ಕಳಿಸಿದರು. ಮನೆಯಲ್ಲೂ ಹಾಗೇ ಸುತ್ತುತ್ತ ಬಂದರು. ಗಾಯ ಮಾಯುವಷ್ಟರಲ್ಲಿ ಬೆರಳುಗಳು ಒಂದಕ್ಕೊಂದು ಕೂಡಿಕೊಂಡುಬಿಟ್ಟಿದ್ದವು. ಗಂಡ ಕೆಂಚಪ್ಪ ಅವಳನ್ನು ಚಿಕ್ಕನಾಯಕನಹಳ್ಳಿಗೆ ಕರೆದುಕೊಂಡು ಹೋದ.

“ಹಸಿ ಗಾಯಕ್ಕೆ ಹಸಿ ಗಾಯ ಒತ್ಕೊಂಡಿದ್ರೆ ಎರಡೂ ಸೇರಿ ಒಂದೇ ಚರ್ಮ ಆಗ್ಬಿಡುತ್ತಮ್ಮ” ಎಂದರು ಅಲ್ಲಿನ ಡಾಕ್ಟರು. “ಒಂದೊಂದು ಬೆರಳಿಗೂ ಬೇರೆ ಬೇರೆ ಬಟ್ಟೆ ಸುತ್ತಬೇಕಿತ್ತು. ಈಗ ಆಪರೇಷನ್ ಮಾಡಿ ಬಿಡಿಸಬೇಕು. ಬೆಂಗಳೂರಿಗೆ ಹೋಗಿ.”

ಕೆಂಚಪ್ಪ ತೋಟದ ಮನೆಗೆ ಹೋಗಿ ನೆರವು ಕೇಳಿದ. ವಿಮಲಮ್ಮ ಜಗಲಿಯಿಂದ ಏಳಲೂ ಇಲ್ಲ. “ಸೀಮೆಣ್ಣೆ ಬಳ್ಕೊಂಡು ಒಲೆ ಮುಂದೆ ಕೂತೋಳು ಅವ್ಳು. ನಾವೇನ್ ಮಾಡಾಣ ಕಣಪ್ಪ?” ಎಂದಳು. ಊರೂ ಅದೇ ಮಾತಾಡಿತು.

ಅವರು ಬೆಂಗಳೂರಿಗೆ ಹೋಗಲೇ ಇಲ್ಲ. ಮಾರನೆಯ ವರ್ಷ ಹಣ್ಣು ಕೊಯ್ಯಲು ಬೇರೆಯವಳು ಬಂದಳು. ಪುಟ್ಟಗೌರಮ್ಮ ಮೇಕೆ ಕಾಯಲು ಹೋಗತೊಡಗಿದಳು. ಯಾರಾದರೂ ಕೈ ನೋಡಿ ಕೇಳಿದರೆ, “ನಾನೇ ಸುಟ್ಕಂಡೆ ಕಣವ್ವ. ಊರೆಲ್ಲ ಹಂಗೇ ಅಂದ್ಮ್ಯಾಕೆ ನಂದೇನೈತೆ?” ಎನ್ನುತ್ತಿದ್ದಳು.

ಮುದ್ದೆಯನ್ನು ಎಡಗೈಯಲ್ಲೇ ಮುರಿದು ಉಣ್ಣಬೇಕಾಗಿತ್ತು. ಗಂಡನೂ ನೋಡಬಾರದೆಂದು ಅವಳು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು.